ಸೆಕೆಯ ಊರಿನ ಓಟ

ಮಂಗಳೂರು ಮ್ಯಾರಥಾನ್‌ಗೆ ಸಿದ್ಧರಾಗುವವರು ಬೆಂಗಳೂರಿನ ಓಟಗಾರರ ಅಭ್ಯಾಸಪಟ್ಟಿಯನ್ನು ಹಾಗೆಯೇ ಎತ್ತಿಕೊಳ್ಳಬಾರದು. ಸುಮಾರು 900 ಮೀಟರ್ ಎತ್ತರದ ಆ ಊರಿನ ತಂಪು ಹವೆಯಲ್ಲಿ ಬೆವರು ಬೇಗ ಆರಿ ಮೈ ತಣಿಯುತ್ತದೆ. ಇಲ್ಲಿ ನವೆಂಬರ್‌ನ ನಸುಕಿನಲ್ಲೂ ಬೆವರು ಆರದೆ ಮೊಣಕೈಯಿಂದ ತೊಟ್ಟಿಕ್ಕುತ್ತದೆ, ಬನಿಯನ್ ಬೆನ್ನಿಗಂಟುತ್ತದೆ, ಬೂಟು ತೊಯ್ದು ಭಾರವಾಗುತ್ತದೆ. ಬಿಸಿ ಮೈಯೊಳಗೇ ಉಳಿದು ಎದೆಬಡಿತ ಏರುತ್ತದೆ. ಹಾಗಾಗಿ ಕೈಗಡಿಯಾರ ತೋರಿಸುವ ವೇಗಕ್ಕಿಂತ ಸ್ವಂತ ಉಸಿರನ್ನೇ ನಂಬುವುದು ಲೇಸು. ಕದ್ರಿಯಂಥ ಏರುಗಳಲ್ಲಂತೂ ಇನ್ನೂ ಹೆಚ್ಚು.

ಕರಾವಳಿಯವರಿಗೆ ಸೆಕೆ ಹೊಸದೇ ಎಂದು ಕೇಳುವವರಿದ್ದಾರೆ. ರೂಢಿಯಾದ ಮೈ ಬೇಗ ಬೆವರುತ್ತದೆ, ನಿಜ. ಆದರೆ ತೇವ ತುಂಬಿದ ಗಾಳಿ ಆ ಬೆವರನ್ನು ಆರಿಸಬೇಕಲ್ಲ! ಹೀಗೆ ಬೆವರು ಸುರಿಯುವಾಗ ನೀರೊಂದನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪಿನಂಶ ಕುಸಿಯುವ ಅಪಾಯವೂ ಇದೆ. ಅಭ್ಯಾಸದ ದಿನಗಳಿಂದಲೇ ಉಪ್ಪು ಬೆರೆಸಿದ ಗಂಜಿತಿಳಿ ರೂಢಿಸಿಕೊಳ್ಳಿ. ಓಡುವಾಗ ತಲೆ ಸುತ್ತಿದರೆ ಅಲ್ಲೇ ನಿಂತು ಸ್ವಯಂಸೇವಕರನ್ನು ಕರೆಯಿರಿ.