ಹತ್ತು ಪ್ರಶ್ನೆ, ಇಪ್ಪತ್ತು ಸಾವಿರ ಜನ

ಮೇ ತಿಂಗಳ ಮೊದಲ ವಾರ ಅಕ್ಕನ ಮಗಳು ಫೋನ್ ಮಾಡಿದಳು. "ಮಾವ, ನೀವೇ ಹೇಳಿ. ಸಿಕ್ಕಿರೋ ಕಡೆ ಸೇರ್ಕೊಳ್ಳಲಾ, ಇನ್ನೊಂದ್ ಸಲ ಕ್ಯಾಟ್ ಬರೀಲಾ? ಇಪ್ಪತ್ತನೇ ತಾರೀಕಿನೊಳಗೆ ಮೊದಲ ಕಂತು ಕಟ್ಬೇಕಂತೆ."

ಹಾಸನದಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆ. ಬಿಟಿಎಂ ಲೇಔಟ್‌ನ ಪಿಜಿಯಲ್ಲಿ ವಾಸ. ಎಂಬಿಎಗೆಂದು ಕಳೆದ ನವೆಂಬರಿನಲ್ಲಿ ಬರೆದ, ಐಐಎಂಗಳ ಪ್ರವೇಶ ಪರೀಕ್ಷೆಯಾದ ಕ್ಯಾಟ್‌ನಲ್ಲಿ ಒಟ್ಟು 92 ಪರ್ಸೆಂಟೈಲ್. ಐಐಎಂಗಳಿಂದ ಕಾಲ್ ಬರಲಿಲ್ಲ. ಹೊರರಾಜ್ಯದ ಒಂದು ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಎರಡು ವರ್ಷಕ್ಕೆ ಹದಿನೈದು ಲಕ್ಷ. ಅವಳಪ್ಪ, ಅಂದರೆ ನನ್ನ ಭಾವ, ಅರಸೀಕೆರೆಯಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು, ನಿವೃತ್ತಿಗೆ ಎರಡು ವರ್ಷ ಬಾಕಿ. ಅವರದು ಒಂದೇ ಮಾತು: "ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಕೋಬೇಡ." ಅಕ್ಕನ ಲೆಕ್ಕ ಬೇರೆ. ಹುಡುಗಿಗೆ ಇಪ್ಪತ್ತೈದು ತುಂಬುತ್ತಿದೆ, ಇನ್ನೊಂದು ವರ್ಷ ಪರೀಕ್ಷೆ ಅಂತ ಕೂತರೆ ಹೇಗೆ ಅನ್ನುವುದು. ಇದಕ್ಕೂ ಪರೀಕ್ಷೆಗೂ ಸಂಬಂಧವಿಲ್ಲ ಅಂತ ನಾನು ಅಂದರೂ ಆ ಮನೆಯಲ್ಲಿ ಸಂಬಂಧ ಇದೆ.

ನಾನು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವನು. ಸಲಹೆ ಕೇಳಿದವರ ಮುಂದೆ ಮೊದಲು ಲೆಕ್ಕ ಹಾಕಿಬಿಡುವುದು ನನ್ನ ಚಾಳಿ. 2024ರ ಕ್ಯಾಟನ್ನು ಸುಮಾರು 2.93 ಲಕ್ಷ ಮಂದಿ ಬರೆದರು. ಅಷ್ಟು ಜನರಲ್ಲಿ 92 ಪರ್ಸೆಂಟೈಲ್ ಅಂದರೆ ನಿಮ್ಮ ಮುಂದೆ ಇಪ್ಪತ್ತಮೂರು ಸಾವಿರ ಚಿಲ್ಲರೆ ಜನ ಇದ್ದಾರೆ ಎಂದರ್ಥ. 99 ಅಂದರೆ ಮೂರು ಸಾವಿರಕ್ಕೂ ಕಡಿಮೆ. ಹೇಳುವಾಗ ಏಳೇ ಮೆಟ್ಟಿಲು, ಹತ್ತುವಾಗ ಇಪ್ಪತ್ತು ಸಾವಿರ ಜನರನ್ನು ಹಿಂದೆ ಹಾಕಬೇಕು. ಅವರೂ ಸುಮ್ಮನೆ ಕೂತಿರುವುದಿಲ್ಲ, ಅವರಲ್ಲಿ ಎಷ್ಟೋ ಮಂದಿ ಎರಡನೇ ಸಲ, ಮೂರನೇ ಸಲ ಬರೆಯುವವರೇ.

ಅದೇ ಲೆಕ್ಕವನ್ನು ಅಂಕಗಳ ಕಡೆಯಿಂದ ನೋಡಿ. ಆ ವರ್ಷ ಪ್ರಶ್ನೆಗಳು 68. ಸರಿಯುತ್ತರಕ್ಕೆ 3 ಅಂಕ, ಆಯ್ಕೆಯ ಪ್ರಶ್ನೆ ತಪ್ಪಿದರೆ 1 ಅಂಕ ಕಡಿತ, ಒಟ್ಟು 204. ಈಚಿನ ವರ್ಷಗಳಲ್ಲಿ 99 ಪರ್ಸೆಂಟೈಲಿಗೆ ಒಟ್ಟು ಅಂಕದ ಅರ್ಧಕ್ಕಿಂತ ಕಡಿಮೆ ಸಾಕಾಗಿದೆ. 92ರಿಂದ ಅಲ್ಲಿಗೆ ಹೋಗಲು, ಸುಮಾರಾಗಿ ಹೇಳುವುದಾದರೆ, ಹತ್ತು ಪ್ರಶ್ನೆ ಹೆಚ್ಚು ಸರಿಯಾದರೆ ಆಯಿತು. ಇಪ್ಪತ್ತು ಸಾವಿರ ಜನ ಅಂದಾಗ ಎದೆ ಒಡೆಯುತ್ತದೆ, ಹತ್ತು ಪ್ರಶ್ನೆ ಅಂದಾಗ ಇಷ್ಟೇನಾ ಅನಿಸುತ್ತದೆ. ಎರಡೂ ನಿಜ. ಸೇರಿಕೋ ಅನ್ನುವವರು ಮೊದಲನೆಯದನ್ನು ಹೇಳುತ್ತಾರೆ, ಮತ್ತೆ ಬರಿ ಅನ್ನುವವರು ಎರಡನೆಯದನ್ನು. ಕೋಚಿಂಗ್ ಸೆಂಟರಿನವರು ಯಾವುದನ್ನು ಹೇಳುತ್ತಾರೆಂದು ನಾನು ಬರೆಯಬೇಕಾಗಿಲ್ಲ.

ಬೇರೆ ಪರೀಕ್ಷೆಗಳಲ್ಲಿ ಈ ಚರ್ಚೆಗೆ ಇಷ್ಟು ತೂಕವಿಲ್ಲ. ಜಿಮ್ಯಾಟನ್ನು ಹದಿನಾರು ದಿನ ಬಿಟ್ಟು ಮತ್ತೆ ಬರೆಯಬಹುದು, ಹನ್ನೆರಡು ತಿಂಗಳಲ್ಲಿ ಐದು ಸಲ. ಬಂದ ಅಂಕ ಐದು ವರ್ಷ ನಡೆಯುತ್ತದೆ. ಸ್ನ್ಯಾಪ್, ಎನ್‌ಮ್ಯಾಟ್‌ಗಳಲ್ಲಿ ಒಂದೇ ಹಂಗಾಮಿನಲ್ಲಿ ಮೂರು ಅವಕಾಶ. ಕ್ಯಾಟ್ ಮಾತ್ರ ಯುಗಾದಿಯ ಹಾಗೆ ವರ್ಷಕ್ಕೊಂದೇ ಸಲ, ನವೆಂಬರಿನ ಒಂದು ಭಾನುವಾರ. ಆ ಎರಡು ಗಂಟೆ ಕೈಕೊಟ್ಟರೆ ಇಡೀ ವರ್ಷ ಕೈಬಿಟ್ಟಿತು.

ಆ ಎರಡು ಗಂಟೆಯಲ್ಲಿ ಅದೃಷ್ಟದ ಪಾಲು ಎಷ್ಟು ಅನ್ನುವುದು ಮುಖ್ಯ ಪ್ರಶ್ನೆ. ಪರೀಕ್ಷೆಯಲ್ಲಿ ಮೂರು ವಿಭಾಗ: ಇಂಗ್ಲಿಷ್, ಲಾಜಿಕ್, ಗಣಿತ. ಲಾಜಿಕ್ ವಿಭಾಗದಲ್ಲಿ ನಾಲ್ಕೈದು ಪ್ರಶ್ನಾ ಸೆಟ್‌ಗಳಿರುತ್ತವೆ, ಸಮಯ 40 ನಿಮಿಷ. ಮೊದಲು ಹಿಡಿದ ಸೆಟ್ ಬಿಡಿಸಲಾಗದೆ ಹದಿನೈದು ನಿಮಿಷ ನುಂಗಿದರೆ ಆ ವಿಭಾಗ ಮುಗಿದ ಹಾಗೆ. ಪಕ್ಕದ ಕಂಪ್ಯೂಟರಿನವನು ಅದನ್ನು ಬಿಟ್ಟು ಬೇರೆ ಸೆಟ್ ಹಿಡಿದಿರುತ್ತಾನೆ. ಅವನು ನಿಮಗಿಂತ ಬುದ್ಧಿವಂತನೇ ಆಗಬೇಕೆಂದಿಲ್ಲ. 2003ರ ನವೆಂಬರಿನ ಕ್ಯಾಟ್ ಪ್ರಶ್ನೆಪತ್ರಿಕೆ ಸೋರಿಕೆಯಾಗಿ ಪರೀಕ್ಷೆಯೇ ರದ್ದಾಯಿತು. 2004ರ ಫೆಬ್ರವರಿಯಲ್ಲಿ ಎಲ್ಲರೂ ಮತ್ತೆ ಬರೆದರು. ಆಗ ಬರೆದಿದ್ದ ನನ್ನ ಗೆಳೆಯನೊಬ್ಬ "ಮೊದಲನೇದು ಬಹಳ ಚೆನ್ನಾಗಾಗಿತ್ತು" ಎಂದು ಇವತ್ತಿಗೂ ಹೇಳುತ್ತಾನೆ. ಅದರ ಫಲಿತಾಂಶವೇ ಬರಲಿಲ್ಲವಾದ್ದರಿಂದ ಅವನ ಮಾತನ್ನು ಯಾರೂ ಸುಳ್ಳು ಮಾಡಲಾರರು.

ಅದೃಷ್ಟವನ್ನು ಅಳೆಯಲು ಒಂದು ಒರಟು ಉಪಾಯವಿದೆ: ಮಾಕ್ ಟೆಸ್ಟ್‌ಗಳ ಸರಾಸರಿಯನ್ನು ಪರೀಕ್ಷೆಯ ಪರ್ಸೆಂಟೈಲಿನ ಪಕ್ಕದಲ್ಲಿ ಇಡುವುದು. ಇಪ್ಪತ್ತು ಮಾಕ್‌ಗಳಲ್ಲಿ 97ರ ಆಸುಪಾಸು ಇದ್ದವರಿಗೆ ನವೆಂಬರಿನಲ್ಲಿ 92 ಬಂದರೆ ಅವತ್ತು ದಿನ ಸರಿಯಿರಲಿಲ್ಲ. ಇನ್ನೊಂದು ಸಲ ಬರೆಯಲು ಅದು ಒಳ್ಳೆಯ ಕಾರಣ. ಮಾಕ್‌ಗಳಲ್ಲಿ 85 ಇದ್ದು ಪರೀಕ್ಷೆಯಲ್ಲಿ 92 ಬಂದಿದ್ದರೆ ಅವತ್ತಿನ ದಿನವೇ ಅವರಿಗೆ ಔದಾರ್ಯ ತೋರಿಸಿದೆ. ಮುಂದಿನ ಸಲವೂ ತೋರಿಸುತ್ತದೆ ಎಂಬ ಭರವಸೆಯಿಲ್ಲ, ಇಳಿದರೂ ಆಶ್ಚರ್ಯವಿಲ್ಲ. ಆದರೆ ನಾನು ನೋಡಿದ ಹುಡುಗರಲ್ಲಿ ಈ ಎರಡನೇ ಗುಂಪಿನವರಿಗೇ ಮತ್ತೆ ಬರೆಯುವ ಹುಮ್ಮಸ್ಸು ಜಾಸ್ತಿ. 92 ನೋಡಿದ ಮೇಲೆ ಅದೇ ತಮ್ಮ ಮಟ್ಟ ಅಂದುಕೊಳ್ಳುತ್ತಾರೆ.

ನಮ್ಮ ಹುಡುಗಿ ಎರಡು ಗುಂಪಿಗೂ ಸೇರುವುದಿಲ್ಲ. ಅವಳ ಮಾಕ್‌ಗಳನ್ನೆಲ್ಲ ತರಿಸಿ ನೋಡಿದೆ. ಗಣಿತ, ಲಾಜಿಕ್ ಎರಡರಲ್ಲೂ 94, 95. ಇಂಗ್ಲಿಷ್ ವಿಭಾಗದಲ್ಲಿ ಒಮ್ಮೆ 70, ಒಮ್ಮೆ 81, ಪರೀಕ್ಷೆಯಲ್ಲಿ 76. ಐಐಎಂ ಬೆಂಗಳೂರಿನಂಥ ಕಡೆ ಒಟ್ಟು ಪರ್ಸೆಂಟೈಲ್ ಒಂದೇ ಸಾಲದು, ಪ್ರತಿ ವಿಭಾಗದಲ್ಲೂ ಕನಿಷ್ಠ ಮಟ್ಟ ದಾಟಬೇಕು. ಅವಳು ನಿಂತದ್ದು ಅಲ್ಲಿ.

ಈ ಇಂಗ್ಲಿಷ್ ವಿಭಾಗದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಕಡೆಯ ಮಕ್ಕಳ ಕಥೆಯೆಲ್ಲ ಇಲ್ಲೇ ಇದೆ. 24 ಪ್ರಶ್ನೆಗಳಲ್ಲಿ 16 ಬರುವುದು ನಾಲ್ಕು ಗದ್ಯಭಾಗಗಳಿಂದ. ಒಂದು ತತ್ತ್ವಶಾಸ್ತ್ರದ್ದಿರಬಹುದು, ಒಂದು ಮಾನವಶಾಸ್ತ್ರದ್ದು, ಇನ್ನೊಂದು ಯಾವುದೋ ದೇಶದ ಆರ್ಥಿಕ ಇತಿಹಾಸದ್ದು. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಏಳನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಆಮೇಲೆ ಹೊರಳಿಕೊಂಡ ಹುಡುಗಿಗೆ ವ್ಯಾಕರಣ ಗೊತ್ತು, ಪದಗಳ ಅರ್ಥ ಗೊತ್ತು. ಬರೆದವನು ಎದುರಾಳಿಯ ಮಾತನ್ನು ಹೇಳುತ್ತಿದ್ದಾನೋ ತನ್ನದನ್ನೋ ಎಂದು ಮೊದಲ ಓದಿಗೇ ಹಿಡಿಯುವುದು ಗೊತ್ತಿಲ್ಲ. ಅದು ಸೂತ್ರ ಕಲಿತರೆ ಬರುವುದಲ್ಲ, ಓದಿ ಓದಿ ಬರುವುದು. ಮೂರು ತಿಂಗಳ ಕ್ರ್ಯಾಶ್ ಕೋರ್ಸಿಗೆ ದಕ್ಕದ್ದು ಒಂದು ವರ್ಷಕ್ಕೆ ದಕ್ಕೀತು. ಮತ್ತೆ ಬರೆಯುವುದಕ್ಕೆ ನನಗೆ ಸಿಕ್ಕ ಅತ್ಯಂತ ಗಟ್ಟಿ ಕಾರಣ ಇದು.

ಆದರೆ ಆ ವರ್ಷದಲ್ಲಿ ಅವಳು ಓದುತ್ತಾಳೆಯೇ? ಬೆಳಗ್ಗೆ ಎಂಟಕ್ಕೆ ಪಿಜಿ ಬಿಟ್ಟರೆ ರಾತ್ರಿ ಎಂಟಕ್ಕೆ ವಾಪಸ್, ನಡುವೆ ಸಿಲ್ಕ್ ಬೋರ್ಡ್ ಟ್ರಾಫಿಕ್. ಎರಡನೇ ಸಲ ಬರೆಯುವವರಲ್ಲಿ ಇನ್ನೊಂದು ರೋಗವೂ ಇದೆ, ಗೊತ್ತಿರುವುದನ್ನೇ ಮತ್ತೆ ಓದುವುದು. ಗಣಿತದಲ್ಲಿ 95 ಇರುವವಳು ಮತ್ತೆ ಗಣಿತದ ಪುಸ್ತಕವನ್ನೇ ತೆಗೆಯುತ್ತಾಳೆ, ಅಲ್ಲಿ ಲೆಕ್ಕ ಬಿಡಿಸಿದ ಸುಖವಿದೆ. 76 ಬಂದ ಕಡೆ ದಿನಾ ಒಂದು ಗಂಟೆ ಕೂರುವುದೆಂದರೆ ದಿನಾ ಒಂದು ಗಂಟೆ ದಡ್ಡಿ ಅನಿಸಿಕೊಳ್ಳುವುದು. ಪರೀಕ್ಷೆಯೂ ಹೋದ ವರ್ಷದಂತೆಯೇ ಇರುತ್ತದೆ ಎನ್ನುವಂತಿಲ್ಲ. 2019ರಲ್ಲಿ ಮೂರು ಗಂಟೆ, ನೂರು ಪ್ರಶ್ನೆ. 2020ರಲ್ಲಿ ಎರಡು ಗಂಟೆ, 76 ಪ್ರಶ್ನೆ. ಮುಂದಿನ ವರ್ಷ 66. ಹಳಬರ ಅನುಭವಕ್ಕೆ ಬೆಲೆ ಇದೆ, ಪೂರ್ತಿ ಬೆಲೆ ಇಲ್ಲ.

ಬದಲಾಗದ ಅಂಕೆಗಳೂ ಇವೆ. ಐಐಎಂ ಬೆಂಗಳೂರು ಸಂದರ್ಶನಕ್ಕೆ ಕರೆಯುವಾಗ ಕ್ಯಾಟ್ ಜೊತೆಗೆ ಹತ್ತನೇ ತರಗತಿ, ಪಿಯುಸಿ, ಪದವಿಯ ಅಂಕಗಳನ್ನೂ ಕೆಲಸದ ಅನುಭವವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅವಳ ಆಫೀಸಿನಲ್ಲೇ ಒಬ್ಬನಿದ್ದಾನೆ. ಪಿಯುಸಿಯಲ್ಲಿ 62 ಪರ್ಸೆಂಟ್. ನಾಲ್ಕು ಸಲ ಕ್ಯಾಟ್ ಬರೆದ, 94ರಿಂದ 98ಕ್ಕೆ ಏರಿದ, ಬನ್ನೇರುಘಟ್ಟ ರಸ್ತೆಯ ಆ ಐಐಎಂನಿಂದ ಕಾಲ್ ಬರಲೇ ಇಲ್ಲ. ಹದಿನೇಳನೇ ವಯಸ್ಸಿನಲ್ಲಿ ಬರೆದ ಪರೀಕ್ಷೆಯನ್ನು ಯಾರೂ ಮತ್ತೆ ಬರೆಯಲಾರರು. ಹಳೆಯ ಅಂಕಗಳಿಗೆ ಅಷ್ಟು ತೂಕ ಕೊಡದ ಸಂಸ್ಥೆಗಳೂ ಇವೆ, ಅವನು ಎರಡನೇ ಸಲಕ್ಕೇ ಅತ್ತ ನೋಡಿದ್ದರೆ ಇಷ್ಟು ಹೊತ್ತಿಗೆ ಎಂಬಿಎ ಮುಗಿಸಿ ಕೆಲಸದಲ್ಲಿರುತ್ತಿದ್ದ. ನಮ್ಮ ಹುಡುಗಿಯದು ಎಸ್ಸೆಸ್ಸೆಲ್ಸಿಯಲ್ಲಿ 94, ಪಿಯುಸಿಯಲ್ಲಿ 90. ಏರಿದ ಪರ್ಸೆಂಟೈಲು ಅವಳಿಗಾದರೆ ಉಪಯೋಗಕ್ಕೆ ಬರುತ್ತದೆ.

ಇನ್ನು ದುಡ್ಡು. ಭಾವನವರ ವಾದಕ್ಕೆ ಇಲ್ಲಿ ಬಲ ಬರುತ್ತದೆ ಅಂದುಕೊಂಡಿದ್ದೆ. ಒಂದು ವರ್ಷ ಮೊದಲು ಓದು ಮುಗಿದರೆ ಒಂದು ವರ್ಷದ ದೊಡ್ಡ ಸಂಬಳ ಮೊದಲೇ ಬರುತ್ತದೆ, ಅದು ಸುಳ್ಳಲ್ಲ. ಆದರೆ ಸಾಲದ ವಿಷಯ ಕೇಳಲು ಅವರ ಜೊತೆ ಬ್ಯಾಂಕಿಗೆ ಹೋದಾಗ ಚಿತ್ರ ಬದಲಾಯಿತು. ಸಾಮಾನ್ಯವಾಗಿ ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕು ಅಡಮಾನ ಕೇಳುತ್ತದೆ. ಐಐಎಂಗಳಂಥ ಸಂಸ್ಥೆಗಳಿಗಾದರೆ ದೊಡ್ಡ ಮೊತ್ತವನ್ನೂ ಅಡಮಾನವಿಲ್ಲದೆ ಕೊಡುತ್ತಾರೆ. ಅಲ್ಲಿಯ ಶುಲ್ಕ ಇಪ್ಪತ್ತು ಲಕ್ಷ ದಾಟಿದ್ದರೂ ಮನೆ ಪತ್ರ ಬೇಡ. ಈಗ ಸಿಕ್ಕಿರುವ ಹದಿನೈದು ಲಕ್ಷದ ಕಾಲೇಜಿಗೆ ಬೇಕು. ಜಾಸ್ತಿ ಶುಲ್ಕದ ಕಡೆ ಅಪ್ಪನಿಗೆ ಅಪಾಯ ಕಡಿಮೆ, ಕಡಿಮೆ ಶುಲ್ಕದ ಕಡೆ ಜಾಸ್ತಿ. ಮ್ಯಾನೇಜರ್ ಇದನ್ನು ಹೇಳುವಾಗ ಭಾವನವರು ಬೀರುವಿನಿಂದ ತಂದಿದ್ದ ಪತ್ರದ ಕವರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

ಎಂಬಿಎ ಅಂದರೆ ಐಐಎಂ ಒಂದೇ ಎಂದು ನಾನು ಹೇಳುತ್ತಿಲ್ಲ. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ನಮ್ಮ ವಿಶ್ವವಿದ್ಯಾಲಯಗಳಲ್ಲೇ ಎಂಬಿಎ ಮಾಡಿದ ನನ್ನ ವಿದ್ಯಾರ್ಥಿಗಳು ಸಾಲವಿಲ್ಲದೆ ಮುಗಿಸಿ ಚೆನ್ನಾಗಿಯೇ ಇದ್ದಾರೆ. ಹದಿನೈದು ಲಕ್ಷದ ಮಧ್ಯಮ ದರ್ಜೆಯ ಸೀಟಿನ ಬಗ್ಗೆಯೇ ನನ್ನ ತಕರಾರು. ಅದು ಆ ಕಡೆಯ ಹೆಸರೂ ಅಲ್ಲ, ಈ ಕಡೆಯ ಉಳಿತಾಯವೂ ಅಲ್ಲ.

ಹಾಗಂತ ಕೆಲಸ ಬಿಟ್ಟು ಓದು ಅಂತಲೂ ನಾನು ಹೇಳಲಿಲ್ಲ. ಬಿಟ್ಟವರಿಗೆ ದಿನಕ್ಕೆ ಹತ್ತು ಗಂಟೆ ಸಿಗುತ್ತದೆ, ಜೊತೆಗೆ "ಈ ಒಂದು ವರ್ಷ ಏನು ಮಾಡಿದಿರಿ?" ಎಂಬ ಸಂದರ್ಶನದ ಪ್ರಶ್ನೆಯೂ ಸಿಗುತ್ತದೆ. ಕೆಲಸದಲ್ಲಿದ್ದರೆ ಸಂಬಳ ನಿಲ್ಲುವುದಿಲ್ಲ, ಅನುಭವ ಲೆಕ್ಕಕ್ಕೆ ಸೇರುತ್ತದೆ, ಸೋತರೂ ಬೀದಿಗೆ ಬೀಳುವುದಿಲ್ಲ.

ಕೊನೆಗೆ ನಾನು ಹೇಳಿದ್ದು ಇಷ್ಟು. ಸೀಟು ಬಿಡು, ಕೆಲಸ ಬಿಡಬೇಡ. ಗಣಿತದ ಪುಸ್ತಕಗಳನ್ನು ಸೆಪ್ಟೆಂಬರ್‌ವರೆಗೆ ಅರಸೀಕೆರೆಗೆ ಕಳಿಸಿಬಿಡು. ದಿನಾ ಒಂದು ಗಂಟೆ ಇಂಗ್ಲಿಷ್ ಓದು, ಮಾಕ್‌ಗಾಗಿ ಓದಬೇಡ, ಸುಮ್ಮನೆ ಓದು. ಅಕ್ಟೋಬರ್ ಕೊನೆಗೆ ಆ ವಿಭಾಗ 85 ದಾಟದಿದ್ದರೂ ಪರೀಕ್ಷೆ ಬರಿ, ಆದರೆ ಅದೇ ಕೊನೆ. ಮೂರನೇ ಸಲಕ್ಕೆ ನನ್ನನ್ನು ಕೇಳಬೇಡ. ಇದೇ ಪ್ರಶ್ನೆಯನ್ನು 62 ಪರ್ಸೆಂಟಿನ ಆ ಹುಡುಗ ಕೇಳಿದ್ದರೆ ಸೇರಿಕೋ ಅನ್ನುತ್ತಿದ್ದೆ. ಮಾಕ್‌ನಲ್ಲಿ 85 ಇದ್ದು ಪರೀಕ್ಷೆಯಲ್ಲಿ 92 ಬಂದವರಿಗೂ ಅದನ್ನೇ.

ಇಪ್ಪತ್ತನೇ ತಾರೀಕು ಕಂತು ಕಟ್ಟದೆ ಕಳೆಯಿತು. ಅಕ್ಕ ಎರಡು ದಿನ ನನ್ನ ಫೋನ್ ತೆಗೆಯಲಿಲ್ಲ. ಭಾವನವರಿಗೆ ಇನ್ನೂ ಸಮಾಧಾನವಿಲ್ಲ, "ನಿಮ್ಮ ಲೆಕ್ಕ ನಿಮಗೆ" ಅಂತಾರೆ. ಮನೆ ಪತ್ರವನ್ನು ಮಾತ್ರ ಬೀರುವಿಗೆ ವಾಪಸ್ ಇಟ್ಟಿದ್ದಾರೆ.