ತೈಲದ ವಯಸ್ಸು

ಹೈದರಾಬಾದಿನ ಚೌಮಹಲ್ಲಾ ಅರಮನೆಯನ್ನು ನೋಡಲು ಹೋದವರು, ದರ್ಬಾರು ಮಂದಿರದ ದೀಪಗುಚ್ಛಗಳನ್ನು ಕತ್ತೆತ್ತಿ ನೋಡಿ ದಣಿದ ಮೇಲೆ, ಅಲ್ಲಿಯ ವಾಹನ ಸಂಗ್ರಹದಲ್ಲಿರುವ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಬಂಡಿಯ ಮುಂದೆ ಒಂದು ಗಳಿಗೆಯಾದರೂ ನಿಲ್ಲದೆ ಬರುವುದಿಲ್ಲ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಬೇಕೆಂದು ಹೇಳಿಕಳುಹಿಸಿ, 1911ರಲ್ಲಿ ಅವರು ತೀರಿಕೊಂಡ ಮೇಲೆ ಊರಿಗೆ ಬಂದು ಸೇರಿದ, ಒಳಗೆ ಸಿಂಹಾಸನದಂತಹ ಆಸನವನ್ನೇ ಹೂಡಿದ್ದ ಆ ಬಂಡಿ ಇಷ್ಟು ದಶಕಗಳಲ್ಲಿ ಓಡಿದುದು 356 ಮೈಲಿ ಮಾತ್ರವೆಂದು ಹೇಳುತ್ತಾರೆ. ಇಂದಿನ ಲೆಕ್ಕದಲ್ಲಿ ಅದು ಸುಮಾರು 573 ಕಿ.ಮೀ.; ಇಲ್ಲಿಂದ ಬೆಂಗಳೂರಿಗೆ ಒಂದು ಸಲ ಹೋಗಿ ಸೇರುವಷ್ಟು ದೂರ. ಹತ್ತು ಸಾವಿರ ಕಿ.ಮೀ.ಗೊಮ್ಮೆ ಎಂಜಿನ್ ಆಯಿಲ್ ಬದಲಿಸತಕ್ಕದ್ದೆಂಬ ಈಗಿನ ವಾಡಿಕೆಯನ್ನು ಅಕ್ಷರಶಃ ಹಿಡಿದು ಹೊರಟರೆ ಆ ಬಂಡಿಯ ತೈಲವನ್ನು ಬದಲಿಸುವ ಕಾಲ ಇನ್ನೂ ಬಂದಿಲ್ಲ. ನಿಜಾಮಶಾಹಿ ಅಳಿಯಿತು, ಸಂಸ್ಥಾನ 1956ರಲ್ಲಿ ಮೂರು ಪಾಲಾಯಿತು, ನಮ್ಮ ಬೀದರ, ಗುಲ್ಬರ್ಗ, ರಾಯಚೂರುಗಳು ಕನ್ನಡ ನಾಡಿನೊಡನೆ ಕೂಡಿದವು. ತೈಲ ಮಾತ್ರ ಇನ್ನೂ ಹೊಸದು!

ಇದನ್ನು ನಗೆಮಾತೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಕಳೆದ ವರ್ಷ ನಮ್ಮ ಮನೆಯಲ್ಲಿಯೇ ಇದು ತರ್ಕಕ್ಕೆ ವಸ್ತುವಾಯಿತು. ನನ್ನ ಮಗಳಿಗೂ ನನ್ನ ತಂಗಿಯ ಮಗನಿಗೂ ಒಂದೇ ಮಾದರಿಯ ಕಾರುಗಳುಂಟು. ಎರಡೂ ಟರ್ಬೊ ಇರುವ ಸಣ್ಣ ಪೆಟ್ರೋಲ್ ಎಂಜಿನ್ನಿನವು. ಮಗಳು ಕೂಕಟ್‌ಪಲ್ಲಿಯಿಂದ ಹೈಟೆಕ್ ಸಿಟಿಗೆ ದಿನಂಪ್ರತಿ ಏಳೆಂಟು ಕಿ.ಮೀ. ಹೋಗಿಬರುವವಳು; ಅಳಿಯನು ವಾರ ವಾರವೂ ಬೀದರಿನಿಂದ ಜಹೀರಾಬಾದಿನ ದಾರಿಯಾಗಿ ಸುಮಾರು 140 ಕಿ.ಮೀ. ಇಲ್ಲಿಗೆ ಬಂದು ಹಿಂದಿರುಗುವವನು. ಎರಡು ಕಾರುಗಳಿಗೂ ಕಂಪನಿಯ ಕೈಪಿಡಿ ವಿಧಿಸಿದುದು ಒಂದೇ ನಿಯಮ: ಹತ್ತು ಸಾವಿರ ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ನಮ್ಮ ಬೀದಿಯ ಗ್ಯಾರೇಜಿನ ಉಸ್ತಾದನು ಇದನ್ನು ಕೇಳಿ, ಬಾಯಲ್ಲಿದ್ದ ಪಾನನ್ನು ಒಂದು ಕೆನ್ನೆಗೆ ಸರಿಸಿಕೊಂಡು, "ಟರ್ಬೊ ಹೈ ಸಾಬ್, ಪಾಂಚ್ ಹಜಾರ್ ಕೆ ಆಗೆ ನಕ್ಕೊ" ಎಂದು, ಐದು ಸಾವಿರದಾಚೆಗೆ ಬೇಡವೆಂದು, ತೀರ್ಪಿತ್ತನು. ಯಂತ್ರವನ್ನು ಕಟ್ಟಿದವನ ಮಾತು ಒಂದು, ಬಿಚ್ಚುವವನ ಮಾತು ಇನ್ನೊಂದು. ನಡುವೆ ನಿಂತು ಹಣ ತೆರತಕ್ಕವನು ಯಾರನ್ನು ನಂಬಬೇಕು?

ಉತ್ತರವನ್ನು ಅರಸುವ ಮುನ್ನ ಟರ್ಬೊ ಎಂಬುದು ತೈಲಕ್ಕೆ ಏನನ್ನು ಮಾಡುತ್ತದೆಂಬುದನ್ನು ತಿಳಿಯಬೇಕು. ಎಂಜಿನ್ನಿನಲ್ಲಿ ಉರಿದು ಹೊರಬೀಳುವ ಹೊಗೆಯಲ್ಲಿ ಇನ್ನೂ ಉಳಿದಿರುವ ಶಾಖವನ್ನೂ ವೇಗವನ್ನೂ ವ್ಯರ್ಥವಾಗಿ ಗಾಳಿಗೆ ಬಿಡದೆ, ಅದರಿಂದ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಮತ್ತೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಕ್ಕೆ ತುಂಬುವುದು, ಇಷ್ಟೇ ಅದರ ತತ್ತ್ವ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು 1905ರಷ್ಟು ಹಿಂದೆಯೇ ಇದಕ್ಕೆ ಪೇಟೆಂಟು ಪಡೆದಿದ್ದನು. ಆ ಪುಟ್ಟ ಅಚ್ಚು ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನು ಮೀರಿ ತಿರುಗುತ್ತದೆ; ಚಿಕ್ಕ ಕಾರುಗಳಲ್ಲಿ ಎರಡು ಲಕ್ಷವನ್ನು ದಾಟುವುದೂ ಉಂಟು. ಒಂದು ಮಗ್ಗುಲಲ್ಲಿ ಒಂಬೈನೂರು ಡಿಗ್ರಿಯ ಆಸುಪಾಸಿನ ಹೊಗೆ, ಇನ್ನೊಂದು ಮಗ್ಗುಲಲ್ಲಿ ಹೊರಗಿನ ಗಾಳಿ, ನಡುವೆ ಈ ಪರಿಯಲ್ಲಿ ತಿರುಗುವ ಅಚ್ಚು. ಅದನ್ನು ಲೋಹಕ್ಕೆ ಲೋಹ ತಾಗದಂತೆ ಎತ್ತಿ ಹಿಡಿದಿರುವುದು, ಬಹುಪಾಲು ಕಾರುಗಳಲ್ಲಿ, ತೈಲದ ಒಂದು ತೆಳುಪೊರೆ ಮಾತ್ರ. ಆ ತೈಲವಾದರೂ ಟರ್ಬೊಗೆಂದೇ ಬೇರೆ ಕಾದಿಟ್ಟದ್ದಲ್ಲ; ಪಿಸ್ಟನ್ನುಗಳನ್ನೂ ಕ್ರ್ಯಾಂಕನ್ನೂ ಸಲಹುವ ಅದೇ ಮೂರುವರೆ ನಾಲ್ಕು ಲೀಟರು ತೈಲ, ಸುತ್ತಿ ಸುತ್ತಿ ಬಂದು, ಪ್ರತಿ ಸುತ್ತಿನಲ್ಲೂ ಆ ಕುಲುಮೆಯನ್ನು ಹಾಯ್ದು ಹೋಗಬೇಕು.

ಅಂಬಾಸಿಡರ್ ಕಾರಿನ ಕಾಲವನ್ನು ಬಲ್ಲವರಿಗೆ ಈ ಹೊರೆಯ ಪ್ರಮಾಣವನ್ನು ಹೀಗೆ ಹೇಳಬಹುದು. 1489 ಸಿ.ಸಿ.ಯ ಅದರ ಪೆಟ್ರೋಲ್ ಎಂಜಿನ್ನು ಕೊಡುತ್ತಿದ್ದುದು ಸುಮಾರು 50 ಅಶ್ವಶಕ್ತಿ; ಇಂದು ಒಂದು ಲೀಟರಿಗೂ ತುಸು ಕಡಮೆಯಿರುವ 998 ಸಿ.ಸಿ.ಯ ಟರ್ಬೊ ಎಂಜಿನ್ನು ನೂರನ್ನು ಮೀರಿ ಕೊಡುತ್ತದೆ. ಇಂತಹ ಎಂಜಿನ್ನುಗಳು ನಮ್ಮ ದೇಶದಲ್ಲಿ ಹೆಚ್ಚಲು ಯಂತ್ರಶಾಸ್ತ್ರವೊಂದೇ ಕಾರಣವಲ್ಲ. 2006ರ ಆಯವ್ಯಯದಿಂದೀಚೆಗೆ ನಾಲ್ಕು ಮೀಟರಿನೊಳಗಿನ ಉದ್ದವೂ 1200 ಸಿ.ಸಿ.ಯೊಳಗಿನ ಪೆಟ್ರೋಲ್ ಎಂಜಿನ್ನೂ ಇರುವ ಕಾರಿಗೆ ತೆರಿಗೆ ಕಡಮೆ. ಆದಕಾರಣ ಕೊಳ್ಳುವವನಿಗೆ ದೊಡ್ಡ ಕಾರಿನ ಬಲವನ್ನೂ ಸಣ್ಣ ಕಾರಿನ ತೆರಿಗೆಯನ್ನೂ ಒಟ್ಟಿಗೆ ಒದಗಿಸುವ ಉಪಾಯವಾಗಿ ಟರ್ಬೊ ಬಂದಿತು. ತೆರಿಗೆಯಲ್ಲಿ ಉಳಿದುದರ ಒಂದು ಪಾಲನ್ನು ತೈಲದ ಬಾಬಿನಲ್ಲಿ ಹಿಂದಕ್ಕೆ ಕೊಡಬೇಕಾಗಿ ಬಂದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ತೈಲ ಮುಪ್ಪಾಗುವುದು ಒಂದೇ ಬಗೆಯಲ್ಲಲ್ಲ. ಹೆದ್ದಾರಿಯಲ್ಲಿ ಬಿರುಸಾಗಿ ಓಡಿಸಿ ಬಂದವನು ತಟಕ್ಕನೆ ಎಂಜಿನ್ನನ್ನು ಆರಿಸಿದರೆ, ಟರ್ಬೊವಿನಲ್ಲಿ ನಿಂತುಬಿಟ್ಟ ತೈಲ ಅಲ್ಲಿಯ ಶಾಖಕ್ಕೆ ಸೀದು, ಬಾಣಲೆಯ ತಳಕ್ಕೆ ಹತ್ತಿದ ಎಣ್ಣೆಯ ಜಿಡ್ಡಿನಂತೆ ಕರಿಕಟ್ಟುತ್ತದೆ. ಟರ್ಬೊ ಸುತ್ತ ನೀರು ಹರಿಯುವ ಏರ್ಪಾಡು ಬಂದ ಮೇಲೆ ಇದು ಬಹುಮಟ್ಟಿಗೆ ತಗ್ಗಿದೆಯಾದರೂ, ಒಂದು ನಿಮಿಷ ಸುಮ್ಮನೆ ಓಡಗೊಟ್ಟು ಆರಿಸುವ ಹಳೆಯ ಚಾಲಕರ ಪದ್ಧತಿಯನ್ನು ಬಿಡಬೇಕಾದ ಕಾರಣ ನನಗೆ ಕಾಣದು. ಇದಕ್ಕೆ ನೇರ ವಿರುದ್ಧವಾದ ಕೇಡು ಇನ್ನೊಂದುಂಟು, ಬಹುಶಃ ಅದೇ ಹೆಚ್ಚಿನದು. ಸಣ್ಣ ದೂರ ಹೋಗಿ ನಿಂತುಬಿಡುವ ಕಾರಿನಲ್ಲಿ ತೈಲ ಸಾಕಷ್ಟು ಕಾಯುವುದೇ ಇಲ್ಲ. ಉರಿಯದೆ ಉಳಿದ ಪೆಟ್ರೋಲು ಸಿಲಿಂಡರಿನ ಗೋಡೆಯಿಂದ ಜಾರಿ ತೈಲದಲ್ಲಿ ಬೆರೆಯುತ್ತದೆ, ಜೊತೆಗೆ ನೀರಿನ ಅಂಶವೂ ಸೇರುತ್ತದೆ. ಕಾದು ಆವಿಯಾಗಿ ಹೋಗಬೇಕಾದುದು ಹೋಗದೆ ನಿಂತಾಗ ತೈಲ ತೆಳುವಾಗಿ, ಅದರ ಸ್ನಿಗ್ಧತೆ ಕುಗ್ಗಿ, ಆ ತೆಳುಪೊರೆಯ ಬಲ ಅಷ್ಟರಮಟ್ಟಿಗೆ ಉಡುಗುತ್ತದೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಸಿಂಪಡಿಸುವ ಹೊಸ ಎಂಜಿನ್ನುಗಳಲ್ಲಿ ಈ ಬೆರಕೆ ಇನ್ನೂ ಹೆಚ್ಚು. ಕಡಮೆ ವೇಗದಲ್ಲಿ ಹೆಚ್ಚು ಭಾರವನ್ನೆಳೆಯುವಾಗ ಇಂತಹ ಎಂಜಿನ್ನುಗಳಲ್ಲಿ ಕಿಡಿಗಿಂತ ಮುಂಚೆಯೇ ಇಂಧನ ಸಿಡಿಯುವ ರೋಗವೊಂದು ಕಂಡು, ಅದಕ್ಕೆ ತೈಲದಲ್ಲಿ ಬೆರೆಸುವ ಕ್ಯಾಲ್ಸಿಯಂ ಲವಣಗಳೂ ಒಂದು ಕಾರಣವೆಂದು ತಿಳಿದು, 2020ರಲ್ಲಿ ಎಪಿಐ ಎಸ್‌ಪಿ ಎಂಬ ಹೊಸ ದರ್ಜೆಯನ್ನೇ ಗೊತ್ತುಮಾಡಬೇಕಾಯಿತು. ಎಷ್ಟು ದಿನಕ್ಕೆ ಬದಲಿಸಬೇಕೆಂದು ಕೇಳುವವನು ಯಾವುದನ್ನು ಹಾಕಬೇಕೆಂದು ಮೊದಲು ಕೇಳಬೇಕು. ಕೈಪಿಡಿ ಹೇಳಿದ ದರ್ಜೆಯಲ್ಲದ ತೈಲವನ್ನು ತಿಂಗಳಿಗೊಮ್ಮೆ ಬದಲಿಸಿದರೂ ಪ್ರಯೋಜನ ಅಲ್ಪ.

ಈಗ ಕಂಪನಿಯ ಹತ್ತು ಸಾವಿರದ ಮಾತು. ಇದು ಪ್ರಕೃತಿಯ ನಿಯಮವೆಂದು ಭಾವಿಸತಕ್ಕದ್ದಲ್ಲ. ಜಪಾನಿನಲ್ಲಿ ಅಲ್ಲಿಯ ತಯಾರಕರೇ ಟರ್ಬೊ ಪೆಟ್ರೋಲ್ ಕಾರಿಗೆ 5,000 ಕಿ.ಮೀ. ಅಥವಾ ಆರು ತಿಂಗಳು ಎಂದು ಬಹುಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಯೂರೋಪಿನಲ್ಲಿ ಫೋಕ್ಸ್‌ವಾಗನ್ನಿನವರು ಅಲ್ಲಿಯ ರಸ್ತೆಗೂ ತಮ್ಮ ವಿಶೇಷ ತೈಲಕ್ಕೂ ಒಪ್ಪುವಂತೆ 30,000 ಕಿ.ಮೀ. ಅಥವಾ ಎರಡು ವರ್ಷದವರೆಗೂ ಅವಕಾಶ ಕೊಟ್ಟದ್ದುಂಟು. ಐದಕ್ಕೂ ಮೂವತ್ತಕ್ಕೂ ನಡುವೆ ತೂಗುವ ಅಂಕಿಯನ್ನು ಶಾಸ್ತ್ರವಾಕ್ಯವೆನ್ನುವುದು ಹೇಗೆ? ಕಾರಿನ ನಿರ್ವಹಣೆ ಅಗ್ಗವೆಂದು ತೋರಿದರೆ ಮಾರುವವನಿಗೆ ಅನುಕೂಲ. ವಾರಂಟಿ ಮುಗಿದ ಮೇಲೆ ಟರ್ಬೊ ಕೆಟ್ಟರೆ ಅದು ಒಡೆಯನ ಪ್ರಾರಬ್ಧ. ಉಸ್ತಾದನಾದರೂ ನಿಃಸ್ವಾರ್ಥಿಯಲ್ಲ, ಎರಡು ಸಲ ಬದಲಿಸಿದರೆ ಅವನಿಗೆ ಎರಡು ಸಲ ಕೂಲಿ. ಅದಕ್ಕಿಂತ ಮುಖ್ಯವಾಗಿ, ಅವನ ಐದು ಸಾವಿರ ಹುಟ್ಟಿದುದು ಖನಿಜ ತೈಲದ ಕಾಲದಲ್ಲಿ, ತೆರೆದ ಪೀಪಾಯಿಯಿಂದ ಅಳೆದು ಹಾಕುತ್ತಿದ್ದ ದಿನಗಳಲ್ಲಿ. ಈಗಿನ ಸಿಂಥೆಟಿಕ್ ತೈಲಗಳು ಶಾಖವನ್ನು ಸಹಿಸುವ ರೀತಿಯೇ ಬೇರೆ.

ಉಸ್ತಾದನ ಪ್ರಮಾಣ ಕಣ್ಣೆದುರಿನದು: ಕಡ್ಡಿಯನ್ನು ಎಳೆದು, ತೈಲವನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ, "ಕಾಲಾ ಹೋಗಯಾ" ಎನ್ನುವುದು. ಈ ಪ್ರಮಾಣ ದುರ್ಬಲ. ತೈಲ ಕಪ್ಪಾಗುವುದು ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಂಡು, ಅದು ಎಂಜಿನ್ನಿನ ಗೋಡೆಗೆ ಅಂಟದಂತೆ ಕಾಯುವುದರಿಂದ. ಅಂದರೆ ಅದು ತನ್ನ ಕರ್ತವ್ಯವನ್ನು ನೆರವೇರಿಸುತ್ತಿದೆ ಎಂಬುದರಿಂದ. ಡೀಸೆಲ್ ಕಾರಿನಲ್ಲಿ ಹಾಕಿದ ಕೆಲವೇ ದಿನಗಳಲ್ಲಿ ತೈಲ ಕಾಡಿಗೆಯಾಗುತ್ತದೆ. ಮೈ ಕೊಳೆಯಾದವನನ್ನು ಮುದುಕನೆನ್ನುವುದುಂಟೆ? ತೈಲದ ನಿಜವಾದ ಸ್ಥಿತಿಯನ್ನು ತಿಳಿಯುವ ಮಾರ್ಗ ಬೇರೊಂದಿದೆ; ನಮ್ಮ ರೈಲ್ವೆಯ ಡೀಸೆಲ್ ಶೆಡ್ಡುಗಳಲ್ಲಿ, ಎಂಜಿನ್ನಿನ ತೈಲದ ಮಾದರಿಯನ್ನು ಪ್ರಯೋಗಶಾಲೆಗೆ ಒಯ್ದು, ಅದರಲ್ಲಿ ಸವೆದು ಬಂದ ಕಬ್ಬಿಣ ತಾಮ್ರಗಳೆಷ್ಟು ಎಂದು ಅಳೆದು, ಯಾವ ಬೇರಿಂಗು ಸವೆಯುತ್ತಿದೆ ಎಂಬುದನ್ನು ಬಿಚ್ಚದೆಯೇ ಹೇಳುವ ಪದ್ಧತಿ ಬಹುಕಾಲದಿಂದ ಉಂಟು. ಸಾವಿರಾರು ಅಶ್ವಶಕ್ತಿಯ ಆ ರೈಲು ಎಂಜಿನ್ನುಗಳಲ್ಲಿಯೂ ಇರುವುದು ಟರ್ಬೊವೇ. ಆದರೆ ನಾಲ್ಕು ಲೀಟರು ತೈಲಕ್ಕಾಗಿ ಪ್ರಯೋಗಶಾಲೆಯನ್ನು ಹುಡುಕಿ ಹೊರಡುವುದು ಸಂಸಾರಸ್ಥರಿಗೆ ಆಗತಕ್ಕ ಮಾತಲ್ಲ.

ನನಗೆ ದಾರಿ ಕಂಡದ್ದು ಅಳಿಯನ ಹೊಲದಲ್ಲಿ. ಬೀದರ ಕಡೆಯ ಯಾವ ರೈತನೂ ತನ್ನ ಟ್ರ್ಯಾಕ್ಟರಿನ ತೈಲವನ್ನು ಕಿಲೊಮೀಟರಿನ ಲೆಕ್ಕದಲ್ಲಿ ಬದಲಿಸುವುದಿಲ್ಲ. ನೇಗಿಲು ಹೂಡಿ ಒಂದೇ ಹೊಲವನ್ನು ದಿನವೆಲ್ಲ ಸುತ್ತುವ ಯಂತ್ರಕ್ಕೆ ದೂರವೆಂಬುದೇ ಅರ್ಥಶೂನ್ಯ. ಅದರ ಮುಂದಿರುವ ಮಾಪಕ ಗಂಟೆಗಳದ್ದು, ಬಹುಕಾಲದ ವಾಡಿಕೆ ಇನ್ನೂರೈವತ್ತು ಗಂಟೆಗೊಮ್ಮೆ. ಈ ಗಜಕಡ್ಡಿಯಿಂದ ನಮ್ಮ ಎರಡು ಕಾರುಗಳನ್ನು ಅಳೆದು ನೋಡಿದೆ. ಮಗಳ ಕಾರಿನ ಸರಾಸರಿ ವೇಗ ಗಂಟೆಗೆ 16 ಕಿ.ಮೀ. ಎಂದು ಅದರ ಫಲಕವೇ ತೋರಿಸುತ್ತದೆ. ಹತ್ತು ಸಾವಿರ ಕಿ.ಮೀ. ಮುಗಿಸಲು ಅವಳ ಎಂಜಿನ್ನು 625 ಗಂಟೆ ದುಡಿಯಬೇಕು. ಅಳಿಯನ ಸರಾಸರಿ 55. ಅಷ್ಟೇ ದೂರಕ್ಕೆ ಅವನ ಎಂಜಿನ್ನಿಗೆ 182 ಗಂಟೆ ಸಾಕು. ಒಂದೇ ಕೈಪಿಡಿ, ಒಂದೇ ಅಂಕಿ, ಆದರೆ ಒಂದರ ತೈಲ ಇನ್ನೊಂದರದಕ್ಕಿಂತ ಮೂರು ಪಟ್ಟಿಗೂ ಮೀರಿ ಬಾಳಿದೆ. ಅದೂ ಕೂಕಟ್‌ಪಲ್ಲಿಯ ಜೆಎನ್‌ಟಿಯು ವೃತ್ತದ ಮೇ ತಿಂಗಳ ಬಿಸಿಲಿನಲ್ಲಿ, ಏಸಿಗಾಗಿ ನಿಂತಲ್ಲಿಯೇ ಉರಿಯುತ್ತ, ಮುಂದಿನ ಬಸ್ಸಿನ ಹೊಗೆಯನ್ನುಣ್ಣುತ್ತ.

ಇನ್ನೂರೈವತ್ತು ಗಂಟೆಯನ್ನು ಸರಾಸರಿ ವೇಗದಿಂದ ಗುಣಿಸಿದರೆ ಒಂದು ವಿಚಿತ್ರ ಕಾಣುತ್ತದೆ. ಗಂಟೆಗೆ 40 ಕಿ.ಮೀ. ಸಾಗುವವನಿಗೆ ಅದು ಸರಿಯಾಗಿ ಹತ್ತು ಸಾವಿರ; 20 ಕಿ.ಮೀ. ತೆವಳುವವನಿಗೆ ಸರಿಯಾಗಿ ಐದು ಸಾವಿರ. ಕೈಪಿಡಿಯೂ ಸುಳ್ಳು ಹೇಳಲಿಲ್ಲ, ಉಸ್ತಾದನೂ ಹೇಳಲಿಲ್ಲ. ಅವರವರು ಮನಸ್ಸಿನಲ್ಲಿಟ್ಟುಕೊಂಡ ರಸ್ತೆ ಬೇರೆ ಬೇರೆಯಾಗಿತ್ತು. ಬಹುತೇಕ ಕೈಪಿಡಿಗಳ ಹಿಂಬದಿಯ ಹಾಳೆಗಳಲ್ಲಿ, ಯಾರೂ ಓದದಂತಹ ಸಣ್ಣಕ್ಷರದಲ್ಲಿ, 'ಕಠಿನ ಪರಿಸ್ಥಿತಿ' ಎಂಬ ಪಟ್ಟಿಯೊಂದಿರುತ್ತದೆ: ಕಿರು ಪ್ರಯಾಣ, ನಿಂತು ನಿಂತು ಸಾಗುವ ಸಂಚಾರ, ಧೂಳು, ತೀವ್ರ ಶಾಖ, ಇವಿದ್ದಲ್ಲಿ ಬೇಗ ಬದಲಿಸತಕ್ಕದ್ದೆಂದು. ಈ ನಗರದ ಹೆಸರನ್ನು ಬರೆಯದೆ ಈ ನಗರವನ್ನು ವರ್ಣಿಸಲು ಇದಕ್ಕಿಂತ ಒಳ್ಳೆಯ ನಾಲ್ಕು ಮಾತು ದೊರೆಯಲಾರವು. ನಾವು ಅಸಾಧಾರಣವೆಂದು ಬಗೆದುದು ನಮ್ಮ ನಿತ್ಯದ ಬಾಳು.

ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನಿನ ಲೆಕ್ಕವನ್ನು ಪೆಟ್ರೋಲ್ ಕಾರಿಗೆ ಹಚ್ಚುವುದು ಯುಕ್ತವೇ ಎಂದು ಯಾರಾದರೂ ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ಇನ್ನೂರೈವತ್ತು ಎಂಬುದು ಮಂತ್ರವಲ್ಲ. ಹೊಸ ಟ್ರ್ಯಾಕ್ಟರುಗಳಲ್ಲಿಯೇ ಅದು ಹೆಚ್ಚಿದೆ. ನಾನು ಹಿಡಿಯಹೊರಟುದು ಅಂಕಿಯನ್ನಲ್ಲ, ಮಾನವನ್ನು: ದುಡಿದ ಹೊತ್ತು. ಅಳಿಯನ ಪಾಲಿಗೆ ಈ ಗುಣಾಕಾರದಿಂದ 13,750 ಬರುತ್ತದೆ; ಹಾಗೆಂದು ಅವನು ಕೈಪಿಡಿಯ ಹತ್ತು ಸಾವಿರವನ್ನಾಗಲಿ ಒಂದು ವರ್ಷವನ್ನಾಗಲಿ ಮೀರತಕ್ಕದ್ದಲ್ಲ; ಮೀರಿದರೆ ವಾರಂಟಿಯ ರಕ್ಷೆಯೂ ತಪ್ಪುತ್ತದೆ. ಎರಡರಲ್ಲಿ ಕಡಮೆಯಾದುದನ್ನು ಹಿಡಿಯುವುದೇ ಕ್ಷೇಮ. ಇನ್ನು, ಬೇಗ ಬದಲಿಸಿದರೆ ಕೇಡೇನು, ನಾಲ್ಕು ಕಾಸು ಹೋಗಬಹುದಷ್ಟೆ ಎನ್ನುವವರುಂಟು. ಈ ವಾದಕ್ಕೆ ಕೊನೆಯಿಲ್ಲ. ಐದು ಸಾವಿರ ಒಳ್ಳೆಯದಾದರೆ ಎರಡು ಸಾವಿರ ಇನ್ನೂ ಒಳ್ಳೆಯದೇಕಲ್ಲ? ಇಳಿಸಿದ ಹಳೆಯ ತೈಲ ಎಲ್ಲಿಗೆ ಹೋಗುತ್ತದೆಂದು ಅವರು ಯೋಚಿಸಿದಂತಿಲ್ಲ. 2016ರ ನಿಯಮಾವಳಿ ಅದನ್ನು ಅಪಾಯಕಾರಿ ತ್ಯಾಜ್ಯವೆಂದು ಎಣಿಸಿ, ಪರವಾನಗಿ ಪಡೆದವರಿಗೇ ಒಪ್ಪಿಸತಕ್ಕದ್ದೆಂದು ವಿಧಿಸಿದ್ದರೂ, ಬೀದಿಬದಿಯ ಮೋರಿಯೊಂದು ಹರಿದು ಮೂಸಿ ನದಿಯನ್ನು ಸೇರುವ ಊರಿನಲ್ಲಿ, ಇನ್ನೂ ಕಸುವಿರುವ ತೈಲವನ್ನು ಸುಮ್ಮನೆ ಇಳಿಸುವುದು ದುಂದು ಮಾತ್ರವಲ್ಲ.

ಮಗಳ ಕಾರಿಗೆ ನಾಲ್ಕು ಸಾವಿರ ಕಿ.ಮೀ. ಎಂದು ನಾವು ಗೊತ್ತುಮಾಡಿಕೊಂಡಿದ್ದೇವೆ. ಕಂಪನಿಯ ವಾರ್ಷಿಕ ಸರ್ವೀಸು ಅದರ ಪಾಡಿಗೆ ಅದು ನಡೆಯುತ್ತದೆ. ಅಳಿಯನ ಕಾರಿಗೆ ಹತ್ತು ಸಾವಿರವೇ. ಉಸ್ತಾದನಿಗೆ ಎರಡನೆಯದು ಒಪ್ಪಿಗೆಯಿಲ್ಲ, ಕಂಪನಿಯ ಸರ್ವೀಸ್ ಅಡ್ವೈಸರನಿಗೆ ಮೊದಲನೆಯದು. ಓದುಗರು ತಮ್ಮ ಕಾರಿನ ಫಲಕದಲ್ಲಿ ಸರಾಸರಿ ವೇಗವನ್ನು ಒಮ್ಮೆ ನೋಡಿಕೊಂಡು, ಅದನ್ನು ಇನ್ನೂರೈವತ್ತರಿಂದ ಗುಣಿಸಿ, ಆಮೇಲೆ ಗ್ಯಾರೇಜಿಗೆ ಹೋಗಲಿ.