ಪಟದಲ್ಲಿರುವ ಪದಕ

ಹಳೆಯ ಪಾಠಶಾಲೆಗಳ ಸಭಾಮಂದಿರಗಳಲ್ಲಿ ಹೆಸರು ಅಳಿದುಹೋದ ಪಟಗಳು ಎಷ್ಟೋ ತೂಗುತ್ತಿರುವುದನ್ನು ವಾಚಕರು ನೋಡಿರಬಹುದು. ಅಂಥದೊಂದು ಪಟವು ನಮ್ಮೆದುರಿಗಿದೆ. ಮಧ್ಯವಯಸ್ಸಿನ ಮಹಿಳೆಯೊಬ್ಬರು ಕುರ್ಚಿಯಲ್ಲಿ ಕುಳಿತಿದ್ದಾರೆ; ಹಿಂದುಗಡೆ ಮೂವರು ಹೆಂಗಸರು ನಿಂತಿದ್ದಾರೆ. ಕುಳಿತವರ ಎಡಭುಜದ ಬಳಿ ಚಿಟ್ಟೆಯ ರೆಕ್ಕೆಯಂತೆ ಕಟ್ಟಿದ ರಿಬ್ಬನ್ನು, ಅದರ ಕೆಳಗೆ ಅಂಡಾಕಾರದ ಒಂದು ಬಿಲ್ಲೆ. ಇದೇನೆಂದು ಕೇಳಿದರೆ ಒಬ್ಬರು ಒಡವೆಯೆನ್ನುತ್ತಾರೆ. ಇನ್ನೊಬ್ಬರು ಯಾವುದೋ ಸಂಘದ ಗುರುತೆನ್ನುತ್ತಾರೆ. ಮತ್ತೊಬ್ಬರು ಮಹಾರಾಣಿಯವರೇ ಸ್ವಹಸ್ತದಿಂದ ತೊಡಿಸಿದ ಬಿರುದೆನ್ನುತ್ತಾರೆ. ಇಂಥ ಪ್ರಶ್ನೆಯನ್ನು ಊಹೆಗೆ ಬಿಡಬಾರದೆಂಬುದು ನಮ್ಮ ಅಭಿಪ್ರಾಯ.

ಈ ದೇಶದಲ್ಲಿ ತೆಗೆದ ಪಟದಲ್ಲಿ ಇಂಥ ಬಿಲ್ಲೆಯು ಕಂಡರೆ ಮೊದಲು ನೆನೆಯತಕ್ಕದ್ದು ಕೈಸರ್-ಇ-ಹಿಂದ್ ಪದಕವನ್ನು. 1900ರಲ್ಲಿ ವಿಕ್ಟೋರಿಯಾ ರಾಣಿಯವರು ಇದನ್ನು ಸ್ಥಾಪಿಸಿದರು. ಜನಾಂಗ, ಉದ್ಯೋಗ, ಅಂತಸ್ತುಗಳ ಭೇದವಾಗಲಿ ಸ್ತ್ರೀಪುರುಷರೆಂಬ ಭೇದವಾಗಲಿ ಇಲ್ಲದೆ, ಇಲ್ಲಿ ಲೋಕೋಪಕಾರವನ್ನು ಮಾಡಿದವರಿಗೆ ಅದು ಸಲ್ಲುತ್ತಿತ್ತು. ಆದುದರಿಂದಲೇ ವೈದ್ಯೆಯರೂ ಉಪಾಧ್ಯಾಯಿನಿಯರೂ ಅದನ್ನು ಧರಿಸಿರುವುದುಂಟು. ಚಿನ್ನದ್ದೂ ಬೆಳ್ಳಿಯದೂ ಇದ್ದವು. ತರುವಾಯ ಕಂಚಿನದೂ ಬಂದಿತು. ನ್ಯಾಯಶಾಸ್ತ್ರವನ್ನು ಕಲಿತ ಕಾರ್ನೇಲಿಯಾ ಸೊರಾಬ್ಜಿಯವರಿಗೆ 1909ರಲ್ಲಿಯೂ, ನಮ್ಮ ಸಹ್ಯಾದ್ರಿಯ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರಿಗೆ 1919ರಲ್ಲಿಯೂ ಅದು ದೊರೆಯಿತು. ಹೈದರಾಬಾದಿನಲ್ಲಿ 1908ರಲ್ಲಿ ಮೂಸಿ ನದಿಯು ಉಕ್ಕಿದಾಗ ಸಂತ್ರಸ್ತರಿಗಾಗಿ ದುಡಿದು ಅದನ್ನು ಪಡೆದ ಸರೋಜಿನಿ ನಾಯಿಡು ಅವರು ಜಲಿಯನ್‌ವಾಲಾ ಬಾಗಿನ ಹತ್ಯೆಯ ತರುವಾಯ ಹಿಂದಿರುಗಿಸಿದರು. ಗಾಂಧೀಜಿಯವರೂ 1915ರಲ್ಲಿ ತಮಗೆ ಬಂದುದನ್ನು 1920ರ ಆಗಸ್ಟಿನಲ್ಲಿ ಹಿಂದಕ್ಕೆ ಕಳುಹಿಸಿದರು. 1947ರ ತರುವಾಯ ಆ ಪದಕವೇ ಇಲ್ಲವಾಯಿತು.

ಆದರೆ ಆಕಾರವೊಂದನ್ನೇ ನೋಡಿ ನಿರ್ಧರಿಸಕೂಡದು. ಈ ಪದಕದ ರಿಬ್ಬನ್ನು ಕಡುನೀಲಿ. ಹಳೆಯ ಛಾಯಾಚಿತ್ರದ ಗಾಜುಫಲಕಗಳಿಗಾದರೋ ನೀಲಿಯ ಬೆಳಕು ಬೇಗನೆ ತಾಗುತ್ತಿತ್ತು, ಕೆಂಪು ತಾಗುತ್ತಿರಲಿಲ್ಲ. ಆದಕಾರಣ ನೀಲಿಯು ಕಣ್ಣಿಗೆ ಕಾಣುವುದಕ್ಕಿಂತ ತಿಳಿಯಾಗಿಯೂ ಕೆಂಪು ಕಪ್ಪಾಗಿಯೂ ಮೂಡುವುದುಂಟು. ರಿಬ್ಬನ್ನು ಬೆಳ್ಳಗಿದೆಯೆಂದು ಈ ಪದಕವಲ್ಲವೆನ್ನುವವರೂ, ಕಪ್ಪಗಿದೆಯೆಂದು ಇದೇ ಎನ್ನುವವರೂ ಒಂದೇ ತಪ್ಪನ್ನು ಮಾಡುತ್ತಾರೆ. ಭೂತಗನ್ನಡಿಯನ್ನು ಹಿಡಿದು ಬಿಲ್ಲೆಯ ಮೇಲಣ ಅಕ್ಷರಗಳನ್ನು ನೋಡುವುದೇ ಲೇಸು. ಅದರಲ್ಲಿ ಆಯಾ ಕಾಲದ ಅರಸರ ಹೆಸರಿನ ಮೊದಲಕ್ಷರಗಳು ಹೆಣೆದಿರುತ್ತವೆ. ಅದು ಎಡ್ವರ್ಡರದೋ ಜಾರ್ಜರದೋ ಎಂದು ತಿಳಿದರೆ, ಪಟವು ಆ ಅರಸರ ಕಾಲಕ್ಕಿಂತ ಹಿಂದಿನದಲ್ಲವೆಂಬಷ್ಟು ಸ್ಥಿರವಾಗುತ್ತದೆ. ಮುಂದಿನದಾಗಿರಬಾರದೆಂದೇನೂ ಇಲ್ಲ, ಪದಕವನ್ನು ಪಡೆದವರು ಬಹುಕಾಲ ಧರಿಸಬಹುದಷ್ಟೆ.

ಪದಕವು ಯಾವುದೆಂದು ತಿಳಿದ ಮಾತ್ರಕ್ಕೆ ವ್ಯಕ್ತಿ ಯಾರೆಂದು ತಿಳಿಯದು. ಪದಕ ಪಡೆದವರ ಹೆಸರುಗಳು ಹೊಸವರ್ಷದಲ್ಲಿಯೂ ಅರಸರ ಹುಟ್ಟುಹಬ್ಬದಲ್ಲಿಯೂ ಗಜೆಟ್ಟಿನಲ್ಲಿ ಪ್ರಕಟವಾಗುತ್ತಿದ್ದವು. ಅವನ್ನು ಶಾಲೆಯ ಹಾಜರಿ ಪುಸ್ತಕ, ವರದಿಗಳೊಡನೆ ಹೋಲಿಸಬೇಕು. ಹೋಲಿಸಿದ ಮೇಲೂ ಇಬ್ಬರ ನಡುವೆ ಸಂದೇಹವುಳಿದರೆ ಪಟದ ಕೆಳಗೆ ಹೆಸರನ್ನು ಬರೆಯದೆ ಬಿಡುವುದೇ ಧರ್ಮ. ದೊಡ್ಡವರ ಹೆಸರನ್ನು ಅಂಟಿಸಿದರೆ ಶಾಲೆಗೆ ಕೀರ್ತಿಯೆಂದು ಕೆಲವರು ಎಣಿಸುತ್ತಾರೆ. ತಪ್ಪು ಹೆಸರಿನಿಂದ ಇಬ್ಬರಿಗೆ ಅನ್ಯಾಯವಾಗುತ್ತದೆ: ಒಬ್ಬರ ಸೇವೆ ಮರೆತುಹೋಗುತ್ತದೆ, ಮತ್ತೊಬ್ಬರಿಗೆ ತಾವು ಮಾಡದ ಸೇವೆಯ ಕೀರ್ತಿ ಸಲ್ಲುತ್ತದೆ.

ಇನ್ನು ಹಿಂದುಗಡೆ ನಿಂತಿರುವ ಆ ಮೂವರ ಮಾತು. ಅವರ ಭುಜದಲ್ಲಿ ಬಿಲ್ಲೆಯಿಲ್ಲ; ಯಾವ ಗಜೆಟ್ಟಿನಲ್ಲಿಯೂ ಹುಡುಕುವಂತಿಲ್ಲ. ಅವರು ಉಪಾಧ್ಯಾಯಿನಿಯರೋ ದಾದಿಯರೋ ಅಡಿಗೆಯವರೋ, ಬಲ್ಲವರಿಲ್ಲ. ಪದಕವನ್ನು ತಂದ ಕೆಲಸದಲ್ಲಿ ಅವರ ಕೈಯೂ ಇದ್ದೀತು. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ನಿಮ್ಮ ಮನೆಗಳಲ್ಲಿರುವ ಪಟಗಳನ್ನು ಗೋಡೆಯಿಂದಿಳಿಸಿ, ಹಿರಿಯರು ಬದುಕಿರುವಾಗಲೇ ಕೇಳಿ, ಪ್ರತಿಯೊಬ್ಬರ ಹೆಸರನ್ನೂ ಊರನ್ನೂ ವರ್ಷವನ್ನೂ ಹಿಂಬದಿಯಲ್ಲಿ ಮೆತ್ತನೆಯ ಸೀಸದಕಡ್ಡಿಯಿಂದ ಬರೆದಿಡಿರಿ. ಮಸಿಯು ಇಂಗಿ ಮುಂಬದಿಯ ಮುಖವನ್ನು ಕೆಡಿಸೀತು. ಕುಳಿತವರಿಂದಲ್ಲ, ನಿಂತವರಿಂದ ಆರಂಭಿಸಿರಿ.